ಮೂರನೇ ಪಿಸ್ಟನ್ನಿನ ಗುರುತು

ವಿರುಪಣ್ಣಾ, ನಿಮ್ಮ ಕಾಂಟೆಸ್ಸಾ ಕಾರನ್ನು ಕೆಡಿಸಿದವನು ನಾನು. ನೀವಲ್ಲ. ಆರು ವರ್ಷದಿಂದ ನೀವು ಹೊತ್ತುಕೊಂಡು ತಿರುಗುತ್ತಿರುವ ತಪ್ಪು ನನ್ನದು — ಅದನ್ನು ನಿಮ್ಮ ಹೆಗಲಿಗೆ ಏರಿಸಿದವನೂ ನಾನೇ. ಇದನ್ನು ಎದುರಿಗೆ ಕೂತು ಹೇಳಬೇಕೆಂದು ಎಷ್ಟು ಭಾನುವಾರ ಕಮಲಾಪುರದ ಕೆರೆ ಏರಿಯವರೆಗೆ ಬಂದಿದ್ದೇನೋ. ನೀವು "ಬಾರಲೇ ಮಂಜಾ, ಮಿರ್ಚಿ ಆರ್ತಾವ" ಅನ್ನುತ್ತಿದ್ದಿರಿ. ನಾನು ಬಾಯಿ ತುಂಬ ಮಿರ್ಚಿ ತುರುಕಿಕೊಳ್ಳುತ್ತಿದ್ದೆ. ಮಾತು ತಪ್ಪಿಸಲು ಮಂಡಕ್ಕಿ-ಮಿರ್ಚಿಗಿಂತ ಒಳ್ಳೆಯ ನೆಪ ನಮ್ಮ ಕಡೆ ಇನ್ನೊಂದಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆ ಗಾಡಿಯನ್ನು ಮೊದಲು ಕಂಡ ದಿನ ನಿಮಗೂ ನೆನಪಿರಬೇಕು. ಸಂಡೂರಿನಲ್ಲಿ ಮುಚ್ಚಿಹೋದ ಗಣಿ ಕಚೇರಿಯೊಂದರ ಹಿತ್ತಲು, ಬೇವಿನ ಮರದ ಕೆಳಗೆ ನಾಲ್ಕೂ ಟಯರ್ ಕೂತಿದ್ದವು, ಗಾಜಿನ ಮೇಲೆ ಬೆರಳು ಹೂತುಹೋಗುವಷ್ಟು ಕೆಂಪು ಧೂಳು. ನೀವು ಬಾನೆಟ್ ಎತ್ತಿದಿರಿ, ಇಣುಕಿದಿರಿ, ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಲೇ, ಒಂದು ಪಾಯಿಂಟ್ ಎಂಟು ಲೀಟರಿಂದು ದೊಡ್ಡ ಇಂಜಿನ್ ಐತಲೇ! ಸುಮ್ಕಿರು, ಮುಖ ಸಪ್ಪಗ ಮಾಡ್ಕೊ" ಎಂದು ಪಿಸುಗುಟ್ಟಿದಿರಿ — ಕಾವಲುಗಾರನಿಗೆ ಕೇಳಿಸಿ ಬೆಲೆ ಏರಿಬಿಟ್ಟೀತು ಎಂಬ ಹೆದರಿಕೆ. ನಾನು ಸಾವಿನ ಮನೆಗೆ ಬಂದವನಂತೆ ಮುಖ ಮಾಡಿಕೊಂಡು ನಿಂತೆ. ಒಳಗೆ ಎದೆ ಕುಣಿಯುತ್ತಿತ್ತು. ನಾವು ಹುಡುಗರಾಗಿದ್ದಾಗ ಆ ಗಾಡಿ ಹೊಸಪೇಟೆಯ ರಸ್ತೆಯಲ್ಲಿ ಹೋದರೆ ಸೈಕಲ್ ನಿಲ್ಲಿಸಿ ನೋಡುತ್ತಿದ್ದೆವು. ಐದು ಗೇರು, ಉದ್ದನೆಯ ಮೂತಿ, ಗಣಿ ಸಾಹುಕಾರರ ಗಾಡಿ. ನಮ್ಮಂಥವರ ಕೈಗೆ ಎಟುಕಲು ಅದು ಮುದಿಯಾಗಬೇಕಾಯಿತು. ಹೊಸ ಬೈಕಿನ ದುಡ್ಡಿಗೆ ಅದನ್ನು ಕಂಪ್ಲಿಯ ನಿಮ್ಮ ಮಿಲ್ಲಿಗೆ ಎಳೆದು ತಂದಿರಿ.

ಆಮೇಲಿನ ನಾಲ್ಕು ವರ್ಷ ನಾನು ಕಣ್ಣಾರೆ ನೋಡಿದ್ದೇನೆ. ಹಗಲೆಲ್ಲ ರೈಸ್ ಮಿಲ್ಲು, ಸಂಜೆ ಗಾಡಿ. ಬಿಚ್ಚಿದ ಒಂದೊಂದು ನಟ್ಟನ್ನೂ ಅಕ್ಕಿ ಸ್ಯಾಂಪಲ್ಲಿನ ಪುಟ್ಟ ಚೀಲಗಳಲ್ಲಿ ಕಟ್ಟಿ ಚೀಟಿ ಬರೆದಿಡುತ್ತಿದ್ದಿರಿ. ಸೋನಾ ಮಸೂರಿ ಎಂದು ಅಚ್ಚಾದ ಚೀಲದಲ್ಲಿ ಕ್ಲಚ್ಚಿನ ಬೋಲ್ಟು! ನಾವು ಮೂವರು ಗೆಳೆಯರು ಎಷ್ಟು ನಕ್ಕಿದ್ದೆವು. ಆದರೆ ಜೋಡಿಸುವ ದಿನ ಒಂದು ವಾಷರ್ ಕೂಡ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಮೂವತ್ತು ವರ್ಷ ಕಾರ್ಬೊರೇಟರ್ ಸೆಟ್ಟಿಂಗ್ ಮಾಡಿ ಹೊಟ್ಟೆ ಹೊರೆದವನು ನಾನು. ಅಂಥ ಕೈಗಳನ್ನು ಇನ್ನೊಮ್ಮೆ ಕಂಡಿಲ್ಲ.

ಭಾನುವಾರ ಹಳೆಯ ಗಾಡಿಗಳಲ್ಲಿ ಬಂದು ಕೆರೆ ಏರಿಯ ಮೇಲೆ ಸೇರುವ ನಮ್ಮ ನಾಲ್ವರ ಗುಂಪಿಗೆ ಇದ್ದದ್ದು ಒಂದೇ ಕಟ್ಟಳೆ, ಅದನ್ನು ಮಾಡಿದವರೂ ನೀವೇ: "ಮಾಲಕ ಬಾಜೂಕ ಕುಂತಿರಬೇಕು. ಇಲ್ಲಾಂದ್ರ ಒಬ್ಬರ ಗಾಡಿ ಇನ್ನೊಬ್ರು ಓಡಸಬಾರದು." ಹಳೆಯ ಗಾಡಿಗೆ ಅದರ ಮಾಲಕನ ಕೈ ಗೊತ್ತಿರುತ್ತದೆ, ಬೇರೆಯವರ ಕೈ ಗೊತ್ತಿರುವುದಿಲ್ಲ ಎಂದು ನೀವು ವಿವರಿಸಿದಾಗ ನಾನೇ ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದ್ದೆ.

ನಿಮಗೆ ಇನ್ನೊಂದು ಅಭ್ಯಾಸವಿತ್ತು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಂದು ಗಾಡಿ ಚಾಲೂ ಮಾಡಿ, ಕಾಲು ಗಂಟೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದಿರಿ. ಎಲ್ಲಿಗೂ ಹೋಗುತ್ತಿರಲಿಲ್ಲ. ಸುಮ್ಮನೆ ನಿಂತು ಕೇಳುವುದು. ಈ ಅಭ್ಯಾಸವನ್ನು ನೆನಪಿಟ್ಟುಕೊಳ್ಳಿ ಅಣ್ಣಾ — ಇದನ್ನೇ ನಾನು ಮುಂದೆ ಬಳಸಿಕೊಂಡೆ.

ಆ ಬೇಸಿಗೆ ನೀವು ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಿರಿ. ಹೋಗುವ ಮೊದಲು ಗಾಡಿಯನ್ನು ಹೊಸಪೇಟೆಯ ನನ್ನ ಶೆಡ್ಡಿಗೆ ತಂದು ಬಿಟ್ಟು, "ಕಾರ್ಬೊರೇಟರ್ ಒಂದೀಟು ನೋಡಲೇ. ದಿನಾ ಒಮ್ಮೆ ಚಾಲೂ ಮಾಡು, ಸಾಕು" ಎಂದು ಕೀಲಿ ಕೊಟ್ಟಿರಿ. ನಾನು ಎರಡೇ ದಿನದಲ್ಲಿ ಸೆಟ್ಟಿಂಗ್ ಮುಗಿಸಿದೆ. ಮೂರನೆಯ ದಿನ ಚಾಲೂ ಮಾಡಿ ಕೇಳಿದೆ. ನಾಲ್ಕನೆಯ ದಿನವೂ ಕೇಳಿದೆ. ಆ ಸದ್ದು — ನಾನೇ ಕೂರಿಸಿದ ಸದ್ದು — ಎಷ್ಟು ಸಾಫಾಗಿತ್ತೆಂದರೆ... ಐದನೆಯ ದಿನ ಮುಂಜಾನೆ ಶೆಡ್ಡಿನ ಬಾಗಿಲು ತೆರೆದು ಸಂಡೂರಿನ ರಸ್ತೆ ಹಿಡಿದೆ.

ಇಲ್ಲಿಂದ ಮುಂದಿನದು ಬರೆಯಲು ಎಲ್ಲಕ್ಕಿಂತ ಕಷ್ಟ. ಯಾಕೆಂದರೆ ಸುಳ್ಳು ಹೇಳಬಾರದೆಂದು ಕೂತಿದ್ದೇನೆ, ಮತ್ತು ಸತ್ಯವೆಂದರೆ ಅದು ನನ್ನ ಬದುಕಿನ ಅತ್ಯಂತ ಒಳ್ಳೆಯ ಬೆಳಗು. ಅದಿರಿನ ಲಾರಿಗಳು ಇನ್ನೂ ರಸ್ತೆಗೆ ಇಳಿದಿರಲಿಲ್ಲ. ಗುಡ್ಡದ ತುಂಬ ಮುತ್ತುಗ ಹೂ ಬಿಟ್ಟಿತ್ತು. ಗಾಡಿ ಏರು ಶುರುವಾದೊಡನೆ ಮೂತಿ ಎತ್ತಿತು. ನಾನು ಕಾಲು ಒತ್ತಿದೆ, ಅದು ಬೆನ್ನನ್ನು ಸೀಟಿಗೆ ಒತ್ತಿತು. ಇಷ್ಟು ವಯಸ್ಸಾದ ಕಬ್ಬಿಣದೊಳಗೆ ಇಷ್ಟು ಜೀವ ಎಲ್ಲಿ ಅಡಗಿಕೊಂಡಿತ್ತು? ತಿರುವುಗಳಲ್ಲಿ ದೊಡ್ಡ ಮೈಯನ್ನು ಒಂದಿಷ್ಟು ವಾಲಿಸಿ, ಮತ್ತೆ ನೇರ ನಿಂತು, ಇನ್ನೂ ಬೇಕೇ ಎಂದು ಕೇಳುತ್ತಿತ್ತು. ಸದ್ದು ಗುಡ್ಡಕ್ಕೆ ಬಡಿದು ತಿರುಗಿ ನನ್ನ ಕಿವಿಗೇ ಬರುತ್ತಿತ್ತು. ಜೀವಮಾನವೆಲ್ಲ ನಿಂತ ಗಾಡಿಗಳ ಇಂಜಿನ್ನಿಗೆ ಕಿವಿ ಕೊಟ್ಟವನು ನಾನು. ಅವು ಓಡುವಾಗ ಏನು ಹೇಳುತ್ತವೆ ಎಂದು ಅವತ್ತು ಗೊತ್ತಾಯಿತು. ಒಬ್ಬನೇ ನಗುತ್ತಿದ್ದೆ. ಕಣ್ಣಲ್ಲಿ ನೀರಿತ್ತು. ನೀವು ಆ ಹೊತ್ತಿಗೆ ಎಲ್ಲೋ ಕಾಲಿಗೆ ಬಟ್ಟೆ ಸುತ್ತಿಕೊಂಡು ನಡೆಯುತ್ತಿದ್ದಿರಿ ಎಂಬುದು ನೆನಪಾಗಲಿಲ್ಲ.

ಘಟ್ಟದ ನೆತ್ತಿಯ ನೇರ ರಸ್ತೆಯಲ್ಲಿ ಮುಳ್ಳು ನೂರಾ ಹತ್ತು ದಾಟಿತ್ತು. ಮೂರನೇ ಗೇರಿನಿಂದ ನಾಲ್ಕಕ್ಕೆ ಎಳೆಯಬೇಕು, ಅಷ್ಟೆ. ನೇರ ಹಿಂದಕ್ಕೆ. ಉತ್ಸಾಹದಲ್ಲಿ ಕೈ ಎಡಕ್ಕೆ ವಾಲಿತು, ಗೇರು ಎರಡಕ್ಕೆ ಬಿತ್ತು. ಕ್ಲಚ್ ಬಿಟ್ಟೆ.

ಇಂಜಿನ್ ಕಿರುಚಿತು ಅಣ್ಣಾ. ಅದು ತಡೆಯಬಲ್ಲ ವೇಗಕ್ಕಿಂತ ಎಷ್ಟೋ ಹೆಚ್ಚು ಸುತ್ತಿತು. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು, ಆಮೇಲೆ ಬರೀ ಟಯರಿನ ಸದ್ದು, ಆಮೇಲೆ ಅದೂ ಇಲ್ಲ.

ಗಂಟೆ ಹೊತ್ತು ಅಲ್ಲೇ ಕೂತಿದ್ದೆ. ಕೊನೆಗೊಂದು ಖಾಲಿ ಟಿಪ್ಪರ್ ಬಂತು. ಚಾಲಕ ಇಳಿದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ, ಬಾಗಿಲಿನ ಮೇಲೆ ಮೆಲ್ಲಗೆ ಕೈ ಆಡಿಸಿದ. "ಭಾಳ ಮಸ್ತ್ ಐತ್ರಿ ಗಾಡಿ. ಯಾರ್ದು?" ಎಂದು ಕೇಳಿದ.

"ನಂದು," ಅಂದೆ.

ಅದು ಮೊದಲನೆಯ ಸುಳ್ಳು. ಯಾರೂ ಒತ್ತಾಯಿಸದೆ, ಯಾರಿಗೂ ಲಾಭವಿಲ್ಲದೆ ಹೇಳಿದ ಸುಳ್ಳು. ಟಿಪ್ಪರಿಗೆ ಹಗ್ಗ ಕಟ್ಟಿ ಶೆಡ್ಡಿಗೆ ಎಳೆಸಿದೆ, ಕೆಂಪು ಧೂಳು ಒರೆಸಿದೆ, ನೀವು ನಿಲ್ಲಿಸಿದ್ದ ಜಾಗದಲ್ಲೇ ನಿಲ್ಲಿಸಿದೆ.

ನೀವು ಬಂದಿರಿ. ಪಾದ ಬಿರುಕು ಬಿಟ್ಟಿತ್ತು, ಕೈಯಲ್ಲಿ ನನ್ನ ಮನೆಗೆಂದು ಪ್ರಸಾದದ ಪೊಟ್ಟಣ. ಚಾಲೂ ಮಾಡಿದಾಗ ತಾನಾಗಿ ನಿಂತುಹೋಯಿತು ಎಂದೆ. ನೀವು ಸಿಟ್ಟಾಗಲಿಲ್ಲ. "ನೀ ಕಿವಿ ಕೊಟ್ಟು ಕೇಳಿ ಹೇಳಲೇ. ನಿನ್ನ ಕಿವಿ ಹೇಳಿದ್ದ ಖರೆ" ಎಂದು ಪಕ್ಕಕ್ಕೆ ಸರಿದು ನಿಂತಿರಿ. ನಾನು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ತುದಿಯನ್ನು ಇಂಜಿನ್ನಿಗೆ ಹಚ್ಚಿ, ಮರದ ಹಿಡಿಯನ್ನು ಕಿವಿಗೆ ಒತ್ತಿ, ನೀವು ಕೀಲಿ ತಿರುವಿದಂತೆಲ್ಲ ಕಣ್ಣು ಮುಚ್ಚಿ ಕೇಳಿದೆ. ಸಾವಿರ ಸಲ ಮಾಡಿದ ಕೆಲಸ. ಆದರೆ ಅವತ್ತು ನಾನು ಕೇಳುತ್ತಿರಲಿಲ್ಲ, ನಟಿಸುತ್ತಿದ್ದೆ. ಕಣ್ಣು ತೆರೆದು ಹೇಳಿದೆ:

"ಇಂಜಿನ್ ಒಳಗ ಸವದು ಹೋಗೇತ್ರಿ ಅಣ್ಣಾ. ನೀವು ದಿನಾ ನಿಂತಲ್ಲೇ ಚಾಲೂ ಇಡ್ತಿದ್ರಲ್ಲ... ಪೆಟ್ರೋಲ್ ಇಳಿದು ಆಯಿಲ್ ತೆಳ್ಳಗಾಗೇತಿ. ಬಿಚ್ಚಿ ಉಪಯೋಗಿಲ್ರಿ."

ನೀವು ಕೀಲಿ ತೆಗೆದು ಕೆಳಗಿಳಿದಿರಿ. "ಹಂಗಾದ್ರ ನಾನ ಕೆಡಿಸಿದಂಗಾತು."

ಆಗಲೂ ಬಾಗಿಲು ತೆರೆದೇ ಇತ್ತು. ಒಂದು ಮಾತು ಸಾಕಿತ್ತು. ನಾನು ಆಡಿದ್ದು ಬೇರೆ ಮಾತು: "ಹೌದ್ರಿ."

ಹೆದರಿಕೆಯಿಂದ ಹಾಗೆಂದೆ ಎಂದು ಬರೆದರೆ ಅರ್ಧ ಸತ್ಯವಾದೀತು. ನೀವು ಬೈಯುತ್ತೀರಿ ಎಂಬ ಹೆದರಿಕೆ ನನಗಿರಲಿಲ್ಲ, ನೀವು ಬೈಯುವವರೂ ಅಲ್ಲ. ಗೇರು ತಪ್ಪಿ ಹಾಕಿದವನು ಎಂಬ ಹೆಸರು ಬೇಡವಾಗಿತ್ತು. ಕಟ್ಟಳೆ ಮುರಿದ ಎನ್ನಿಸಿಕೊಳ್ಳುವುದಕ್ಕಿಂತ, ಮೂರಕ್ಕೂ ನಾಲ್ಕಕ್ಕೂ ನಡುವೆ ಎರಡು ಹಾಕಿದ ಎನ್ನಿಸಿಕೊಳ್ಳುವುದೇ ನನಗೆ ದೊಡ್ಡ ನಾಚಿಕೆಯಾಗಿತ್ತು — ಎಷ್ಟು ಸಣ್ಣ ಮನುಷ್ಯ ನೋಡಿ. ಆ ಜಂಬ ಉಳಿಸಿಕೊಳ್ಳಲು ನಿಮ್ಮ ಪ್ರೀತಿಯನ್ನೇ ತಪ್ಪು ಮಾಡಿಬಿಟ್ಟೆ.

ಆಮೇಲೆ ನೀವು ಗಾಡಿಯನ್ನು ಮಿಲ್ಲಿನ ಗೋದಾಮಿನಲ್ಲಿ ಚೀಲಗಳ ಹಿಂದೆ ನಿಲ್ಲಿಸಿದಿರಿ. ಭಾನುವಾರ ಬರುವುದನ್ನು ಬಿಡಲಿಲ್ಲ, ಆದರೆ ಬಸ್ಸಿನಲ್ಲಿ ಬಂದಿರಿ. ಹೊಸದಾಗಿ ಹಳೆಯ ಗಾಡಿ ಕೊಂಡ ಯಾರೇ ಸಿಗಲಿ, ಹಿಡಿದು ಕೂರಿಸಿ, "ನಿಂತಲ್ಲೇ ಚಾಲೂ ಇಡಬ್ಯಾಡ್ರಪ್ಪ. ನನ್ನ ನೋಡ್ರಿ, ಕೈಯಾರೆ ಕೆಡಿಸ್ಕೊಂಡೆ" ಎಂದು ಹೇಳುತ್ತಿದ್ದಿರಿ. ನಾನು ಪಕ್ಕದಲ್ಲೇ ಚಹ ಕುಡಿಯುತ್ತ ಕೇಳುತ್ತಿದ್ದೆ. ಆಯುಧಪೂಜೆಗೆ ಮಿಲ್ಲಿನ ಮೋಟರಿಗೆ, ತಕ್ಕಡಿಗೆ, ಕೊನೆಗೆ ಚೀಲ ಹೊಲಿಯುವ ದಬ್ಬಣಕ್ಕೂ ವಿಭೂತಿ ಬಳಿದು ಹೂ ಇಡುವ ನೀವು ಗೋದಾಮಿನ ಕಡೆ ಮಾತ್ರ ತಿರುಗುತ್ತಿರಲಿಲ್ಲ. ಒಮ್ಮೆ ನಾನೇ, ಬಾಯಿ ತಪ್ಪಿ, ಕಾಂಟೆಸ್ಸಾಕ್ಕೂ ಒಂದು ಹೂ ಇಡಬಾರದೇ ಎಂದು ಕೇಳಿದೆ. "ನಾ ಕೊಂದ ಗಾಡಿಗೆ ನಾನ ಹೆಂಗ ಪೂಜಿ ಮಾಡ್ಲಿ?" ಅಂದಿರಿ. ಆಮೇಲೆ ನನಗೆ ಹೋಳಿಗೆ ಬಡಿಸಿದಿರಿ. ತಿಂದೆ, ಎರಡು ತಿಂದೆ.

ಎರಡು ತಿಂಗಳ ಹಿಂದೆ ನಿಮ್ಮ ಮಗಳು ಅನ್ನಪೂರ್ಣ ಒಬ್ಬಳೇ ಶೆಡ್ಡಿಗೆ ಬಂದಳು. ಈಗ ಮಿಲ್ಲು ನೋಡಿಕೊಳ್ಳುವವಳು ಅವಳೇ ಅಲ್ಲವೇ, ಮಾತೂ ಹಾಗೇ, ತೂಕ ಹಾಕಿದಂತೆ. "ಕಾಕಾ, ಗಾಡಿ ಕಳಸ್ತೀನಿ, ಇಂಜಿನ್ ಬಿಚ್ರಿ. ಅಪ್ಪಗ ರಿಪೇರಿದು ಹೇಳಬ್ಯಾಡ್ರಿ, ಗೋದಾಮಿಗೆ ಸುಣ್ಣ ಹಚ್ಚಸಾಕ ಗಾಡಿ ಹೊರಗ ಕಳಸೇವಿ ಅಂತೀನಿ. ಈ ಆಯುಧಪೂಜಿಗೆ ಅವ್ರು ಅದಕ್ಕ ಹೂ ಇಡಬೇಕು."

ಬಿಚ್ಚಿ ಉಪಯೋಗವಿಲ್ಲ ಎಂದು ಹೇಳಿದ್ದವನ ಕೈಗೇ ಬಿಚ್ಚುವ ಕೆಲಸ ಬಂತು. ಶೆಡ್ಡಿನ ಬಾಗಿಲು ಹಾಕಿಕೊಂಡು ಇಂಜಿನ್ನಿನ ಮೇಲಿನ ಮುಚ್ಚಳ, ಹೆಡ್ಡನ್ನು ಎತ್ತಿದೆ.

ಅಣ್ಣಾ, ಸಿಲಿಂಡರುಗಳ ಗೋಡೆ ಕನ್ನಡಿಯಂತಿತ್ತು. ಒಂದು ಗೀರಿಲ್ಲ, ಒಂದು ಚುಕ್ಕೆ ತುಕ್ಕಿಲ್ಲ. ನೀವು ಹಾಕಿದ ಆಯಿಲ್ಲು ಆರು ವರ್ಷವಾದರೂ ತೆಳುವಾದ ಪದರವಾಗಿ ಅಂಟಿಕೊಂಡೇ ಇತ್ತು. ದಿನಾ ಕಾಲು ಗಂಟೆ ನೀವು ಅಂಗೈ ಇಟ್ಟು ನಿಂತದ್ದರಿಂದ ಆ ಇಂಜಿನ್ನಿಗೆ ಕೂದಲೆಳೆಯಷ್ಟೂ ಕೇಡಾಗಿರಲಿಲ್ಲ. ಮೂವತ್ತು ವರ್ಷದಲ್ಲಿ ಇಷ್ಟು ಚೆಂದ ಇಟ್ಟುಕೊಂಡ ಇಂಜಿನ್ನನ್ನು ನಾನು ಬಿಚ್ಚಿಲ್ಲ. ನಾಲ್ಕೂ ಸಿಲಿಂಡರಿನ ಗೋಡೆಯ ಮೇಲೆ ಒಂದೊಂದಾಗಿ ಬೆರಳು ಆಡಿಸಿದೆ.

ಕೆಟ್ಟದ್ದು ಒಂದೇ ಕಡೆ. ಮೂರನೇ ಸಿಲಿಂಡರಿನ ಎರಡೂ ವಾಲ್ವ್ ಬಾಗಿದ್ದವು, ಅವು ಬಡಿದ ಜಾಗದಲ್ಲಿ ಪಿಸ್ಟನ್ನಿನ ನೆತ್ತಿಯ ಮೇಲೆ ಉಗುರಿನಿಂದ ಒತ್ತಿದಂತೆ ಎರಡು ಅರ್ಧಚಂದ್ರದ ಗುರುತು. ನಿಂತಲ್ಲೇ ಓಡುವ ಇಂಜಿನ್ನಿಗೆ ಆ ಗುರುತು ಬೀಳುವುದಿಲ್ಲ. ವಿಪರೀತ ಸುತ್ತಿಸಿದರೆ ಮಾತ್ರ ಬೀಳುತ್ತದೆ, ತಪ್ಪು ಗೇರು ಬಿದ್ದರೆ ಮಾತ್ರ. ಆ ಪಿಸ್ಟನ್ನನ್ನು ಗುಜರಿಗೆ ಎಸೆದಿದ್ದರೆ ಮುಗಿಯುತ್ತಿತ್ತು. ಅನ್ನಪೂರ್ಣ ನನಗೆ ಕೈ ಮುಗಿಯುತ್ತಿದ್ದಳು, ನೀವು ಹೊಗಳುತ್ತಿದ್ದಿರಿ, ಸತ್ತ ಗಾಡಿ ಎಬ್ಬಿಸಿದವನು ಎಂದು ಕಂಪ್ಲಿಯಿಂದ ಸಂಡೂರಿನವರೆಗೆ ನನ್ನ ಹೆಸರಾಗುತ್ತಿತ್ತು. ಎರಡು ಸಲ ಗುಜರಿ ಡಬ್ಬದವರೆಗೆ ಒಯ್ದೆ — ಇದನ್ನೂ ಹೇಳಿಬಿಡುತ್ತೇನೆ. ಎರಡು ಸಲವೂ ವಾಪಸ್ಸು ತಂದೆ.

ಹೊಸ ವಾಲ್ವ್, ಹೊಸ ಪಿಸ್ಟನ್ ಕೂರಿಸಿ ಗಾಡಿ ಈಗ ಸಿದ್ಧವಾಗಿದೆ. ನಿಮ್ಮ ಹಾಗೆಯೇ ಕಾಲು ಗಂಟೆ ನಿಂತಲ್ಲೇ ಚಾಲೂ ಇಟ್ಟು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕೇಳಿದೆ. ಓಡಿಸಿಲ್ಲ. ಆಯುಧಪೂಜೆಯ ದಿನ ಬೆಳಿಗ್ಗೆ ಕಂಪ್ಲಿಗೆ ಎಳೆಸಿಕೊಂಡು ತರುತ್ತೇನೆ. ಓಡುವ ಗಾಡಿಯನ್ನು ಹಗ್ಗ ಕಟ್ಟಿ ಎಳೆಸುತ್ತಾನಲ್ಲ, ಇವನಿಗೇನು ತಲೆ ಕೆಟ್ಟಿದೆಯೇ ಎಂದು ದಾರಿಯವರು ನಗಬಹುದು. ಪಕ್ಕದಲ್ಲಿ ನೀವಿರುವುದಿಲ್ಲವಲ್ಲ ಅಣ್ಣಾ. ಅದರ ಇಂಜಿನ್ನನ್ನು ರಸ್ತೆಯ ಮೇಲೆ ನಾನು ಎಬ್ಬಿಸಲಾರೆ.

ಬಾನೆಟ್ಟಿನ ಮೇಲೆ ಈ ಕಾಗದ, ಕೀಲಿ, ಮತ್ತು ಅಕ್ಕಿ ಸ್ಯಾಂಪಲ್ಲಿನ ಪುಟ್ಟ ಚೀಲವೊಂದರಲ್ಲಿ ಕಟ್ಟಿದ ಆ ಮೂರನೇ ಪಿಸ್ಟನ್ ಇರುತ್ತದೆ. ಕಾಗದವನ್ನು ನಂಬಬೇಡಿ, ನನ್ನ ಕಿವಿಯನ್ನಂತೂ ಇನ್ನು ನಂಬಲೇಬೇಡಿ. ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಿ. ಆ ಎರಡು ಗುರುತು ಯಾಕೆ ಬಿದ್ದವೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೋಡಿದ ಮೇಲೆ ನನ್ನ ಬಗ್ಗೆ ಏನು ಮಾಡಬೇಕೆಂಬುದು ನಿಮಗೆ ಬಿಟ್ಟದ್ದು. ನಾನು ಮಿಲ್ಲಿನ ಗೇಟಿನ ಹೊರಗೆ ನಿಂತಿರುತ್ತೇನೆ, ಕರೆಯದೆ ಒಳಗೆ ಬರುವುದಿಲ್ಲ.

ಆದರೆ ಮೊದಲು ಅದಕ್ಕೆ ಹೂ ಇಡಿ ಅಣ್ಣಾ. ಇಡಬಾರದಂಥ ಕೈ ನಿಮ್ಮದಲ್ಲ.