ಖಾಲಿ ಫೋಲ್ಡರ್‌ನಲ್ಲಿದ್ದ ವನಜಕ್ಕ

ಸತ್ತವರ ಫೋಟೊ ಕೇಳಿದರೆ ಕಂಪ್ಯೂಟರ್ ಹಟ ಹಿಡಿಯುತ್ತದೆ. ಯಾರಿಗೆ ಬೈಯುವುದು ಹೇಳಿ?

ಮೊನ್ನೆ ಮಡಂತ್ಯಾರಿನಿಂದ ಫೋಟೊ ಸ್ಟುಡಿಯೋದ ಸದಾನಂದಣ್ಣನ ಫೋನು. "ಒಮ್ಮೆ ಸ್ಟುಡಿಯೋಗೆ ಬಾ ಮಾರಾಯ. ನಾಳೆ ಬೊಜ್ಜ. ವನಜಳ ಫೋಟೊ ಸಿಗುವುದಿಲ್ಲ."

ವನಜಕ್ಕ ಅವರ ಹೆಂಡತಿ. ಕ್ಯಾನ್ಸರ್ ಆಗಿತ್ತು. ಬೊಜ್ಜ ಅಂದರೆ ನಮ್ಮಲ್ಲಿ ಉತ್ತರಕ್ರಿಯೆ. ಹಾರ ಹಾಕಿದ ದೊಡ್ಡ ಫೋಟೊ ಇಲ್ಲದೆ ಅದು ನಡೆಯುವುದುಂಟಾ? ಊರಿನವರ ಅಂಥ ಫೋಟೊಗಳನ್ನೆಲ್ಲ ತಿದ್ದಿ, ಫ್ರೇಮಿಗೆ ಸರಿಮಾಡಿ ಕೊಡುತ್ತಿದ್ದವರೇ ವನಜಕ್ಕ.

(ಮೆಲ್ಕಾರಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ ಎಂಬ ಒಂದೇ ತಪ್ಪಿಗೆ ಎಲ್ಲರ ಹಾರ್ಡ್‌ಡಿಸ್ಕ್‌ಗೂ ನಾನೇ ಡಾಕ್ಟರು.)

ಸ್ಟುಡಿಯೋದ ಫೋಟೊಗಳೆಲ್ಲ ಇರುವುದು ನೆಟ್‌ವರ್ಕ್ ಡ್ರೈವ್‌ನಲ್ಲಿ. ಅಲ್ಲಿ 'ವನಜ' ಎಂಬ ಫೋಲ್ಡರ್ ಉಂಟು, ತೆರೆದರೆ ಏನೂ ಇಲ್ಲ. ಕಮಾಂಡ್ ಹೊಡೆಯುವ ಕಪ್ಪು ಸ್ಕ್ರೀನ್ ತೆರೆದೆ. ಡ್ರೈವೇ ಇಲ್ಲ ಎಂದಿತು! ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದ್ದೆ, ಅದಕ್ಕೆ ನಮ್ಮ ಡ್ರೈವ್ ಕಾಣುವುದಿಲ್ಲ. ಮುಚ್ಚಿ, ಸಾದಾ ರೀತಿಯಲ್ಲಿ ತೆರೆದು, ಫೈಲು ನಕಲು ಮಾಡುವ ಎಕ್ಸ್‌ಕಾಪಿ ಕಮಾಂಡ್ ಕೊಟ್ಟೆ. ಕಾಪಿಯಾದ ಫೈಲು ಸೊನ್ನೆ.

"ಡಿಲೀಟ್ ಆಗಿರಬೇಕು ಸದಾನಂದಣ್ಣ."

"ಸುಮ್ಮನೆ ಖಾಲಿ ಫೋಲ್ಡರ್ ಮಾಡಿಡುವವಳಲ್ಲ ಅವಳು."

ಹೌದಲ್ಲ! ಕಣ್ಣಿಗೆ ಕಾಣದ ಹಾಗೆ ಹಿಡನ್ ಮಾಡಿಟ್ಟ ಫೈಲನ್ನು ಎಕ್ಸ್‌ಕಾಪಿ ಮುಟ್ಟುವುದೇ ಇಲ್ಲ. ಕಮಾಂಡಿನ ಕೊನೆಗೆ ಸ್ಲಾಶ್ ಎಚ್ ಸೇರಿಸಬೇಕು. ಸೇರಿಸಿದೆ. ಒಂದೇ ಒಂದು ಫೈಲು ಬಂತು.

ತೆರೆದೆ. ಫ್ರೇಮಿನ ಅಳತೆಗೆ ಕತ್ತರಿಸಿದ ವನಜಕ್ಕನದೇ ಫೋಟೊ. ನೀಲಿ ಬ್ಯಾಕ್‌ಗ್ರೌಂಡ್. ಕೀಮೋದಲ್ಲಿ ಉದುರಿದ ಕೂದಲನ್ನು ಕಂಪ್ಯೂಟರಿನಲ್ಲಿ ತಾವೇ ತಿದ್ದಿ ಕೂರಿಸಿಕೊಂಡಿದ್ದರು, ಮಲ್ಲಿಗೆ ಸಮೇತ. ಕೆಳಗೆ ಹೆಸರು, ಹುಟ್ಟಿದ ತಾರೀಕು. ಪಕ್ಕದಲ್ಲಿ ಇನ್ನೊಂದು ತಾರೀಕಿಗೆ ಜಾಗ ಬಿಟ್ಟಿದ್ದರು.

ಗಂಡನ ಕಣ್ಣಿಗೆ ಬೀಳಬಾರದು ಅಂತ ಅಡಗಿಸಿಟ್ಟದ್ದು. ಅಯ್ಯೋ ದೇವರೇ, ಯಾವ ಹೊತ್ತಿನಲ್ಲಿ ಕೂತು ಮಾಡಿದರೋ!

"ಹುಷಾರಾದ ಮೇಲೆ ಹೊಸ ಕ್ಯಾಮೆರಾ ತೆಗೊಳ್ಳುವ ಅಂತ ಹೇಳ್ತಾ ಇದ್ದಳು ಮಾರಾಯ" ಎಂದು ಸದಾನಂದಣ್ಣ ಗೋಡೆಗೆ ಮುಖ ತಿರುಗಿಸಿದರು. ಅಲ್ಲಿಂದಲೇ, "ಆ ತಾರೀಕು ನೀನೇ ಹಾಕು. ನನಗೆ ಕೈ ಬರುವುದಿಲ್ಲ."

ಹಾಕಿದೆ. ಅಳು ತಡೆಯಲಿಕ್ಕೆ ಆಗಲಿಲ್ಲ.

ಆಸ್ಪತ್ರೆಗೆ ಹೋದಾಗಲೆಲ್ಲ "ನಿಮಗೆ ಏನೂ ಆಗುವುದಿಲ್ಲ ಅಕ್ಕ" ಅಂತ ನಾವು ಹೇಳಿದ್ದೇ ಹೇಳಿದ್ದು. ಅವರು "ಹೌದೌದು" ಎಂದು ನಗುತ್ತಿದ್ದರು.

ಅಲ್ಲಿ ಧೈರ್ಯ ಹೇಳುತ್ತಿದ್ದವರು ಯಾರು, ಹೇಳಿಸಿಕೊಳ್ಳುತ್ತಿದ್ದವರು ಯಾರು?