ಕೆಂಪಣ್ಣನ ಹೂಂ

ಗುಜರಾತಿನ ಮಂಜಲ್‌ಪುರದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ರಾಜಮ್ಮ ಕತೆಪದ ಹೇಳಲು ಕುಳಿತರೆ ಎದುರಿಗೆ ಗಂಡ ಕೆಂಪಣ್ಣ ಕೂರಲೇಬೇಕು. ಸಾಲು ಮುಗಿದ ಕೂಡಲೇ ಅವರು "ಹೂಂ" ಅನ್ನಬೇಕು, ಆಮೇಲೆಯೇ ಮುಂದಿನ ಸಾಲು. ತುಮಕೂರು ಕಡೆಯ ಅವರ ಊರಿನ ಪದ್ಧತಿ ಅದು. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ಕೆಂಪಣ್ಣ ನಿವೃತ್ತಿಯ ನಂತರ ಮನಸ್ಸಿಟ್ಟು ಮಾಡಿದ ಕೆಲಸ ಇದೊಂದೇ. ಹೂಂ ಸ್ವಲ್ಪ ಮೆತ್ತಗಾದರೂ ರಾಜಮ್ಮ ರೇಗುತ್ತಿದ್ದರು.

"ತೂಕಡಿಸ್ತಾ ಇದ್ದೀರಾ? ಗಟ್ಟಿಯಾಗ್ ಹೂಂ ಅನ್ನಿ!"

ಊರಿನ ಆ ತುದಿಯ ಗೋರ್ವಾದಲ್ಲಿ ಬಾಡಿಗೆಗಿದ್ದ ಅಮೋಘ್ ಎಂಬ ಮೈಸೂರಿನ ಹುಡುಗನಿಗೆ ಸಂಗೀತದ ಹುಚ್ಚು. ಆಲ್ಬಮ್ ಮಾಡುತ್ತೇನೆಂದು ಇಬ್ಬರನ್ನೂ ಸ್ಟುಡಿಯೋಗೆ ಕರೆದೊಯ್ದ. ಕೆಂಪಣ್ಣನಿಗೆ ಆಗಲೇ ಉಬ್ಬಸ. ಆದರೂ ಉಪ್ಪಿನ ಗಾಡಿಯ ಜೊತೆ ಹೋದ ಗಂಡನಿಗಾಗಿ ಕಾಯುವ ಗಿರಿಯಮ್ಮನ ಕತೆಗೆ ಕೊನೆತನಕ ಹೂಂಗುಟ್ಟಿದರು. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

"ಫೋಟೋ ಮಾತಾಡಲ್ಲ ಕಣವ್ವ," ಎಂದರು ರಾಜಮ್ಮ, ಎದುರು ಮನೆಯ ನನ್ನ ಹತ್ತಿರ. "ಆ ಆಲ್ಬಮ್ ಬರ್ಲಿ. ಅದ್ರಲ್ಲಿ ಹೂಂ ಅಂತಾರೆ."

ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಬಿಡುಗಡೆಯಾಯಿತು. ಸ್ಪೀಕರಿನಲ್ಲಿ ಪದ ಶುರುವಾಯಿತು. ಒಂದು ಸಾಲು, ಗಿಟಾರು, ಇನ್ನೊಂದು ಸಾಲು. ಹೂಂ ಇಲ್ಲ. ಕನ್ನಡದ ಗಂಧಗಾಳಿಯಿಲ್ಲದ ನೆರೆಮನೆಯ ಹಂಸಾಬೆನ್‌ಗೂ ಗೊತ್ತಾಯಿತು, ಅವರ ಕಡೆಯೂ ಕತೆಗೆ ಹೂಂಗುಟ್ಟುವವರಿರುತ್ತಾರೆ. "ಹೋಂಕಾರೋ ಕ್ಯಾಂ ಗಯೋ?" ಎಂದು ನನ್ನನ್ನು ತಿವಿದರು. ಹೂಂ ಎಲ್ಲಿ ಹೋಯಿತು?

ರಾಜಮ್ಮ ಅಮೋಘನನ್ನು ಕರೆದು ಅದನ್ನೇ ಕೇಳಿದರು.

"ಅದಾ ಅಜ್ಜಿ? ಮಧ್ಯೆ ಮಧ್ಯೆ ಡಿಸ್ಟರ್ಬ್ ಆಗ್ತಿತ್ತು. ಕೆಮ್ಮು, ಹೂಂ, ಎಲ್ಲಾ ಕ್ಲೀನ್ ಮಾಡಿಸ್ದೆ."

"ತೆಗ್ದಿದ್ದು ಎಲ್ಲಿಟ್ಟಿದ್ದೀಯಪ್ಪ?"

"ಇಟ್ಟಿಲ್ಲ. ಡಿಲೀಟ್ ಮಾಡ್ಬಿಟ್ವಿ."

ಅವನ ಕೆನ್ನೆಗೆ ಬಾರಿಸಬೇಕೆನಿಸಿತು ನನಗೆ. ಪಾಪ, ಅವನೋ ಶಭಾಷ್‌ಗಿರಿಗೆ ಕಾಯುತ್ತಾ ನಿಂತಿದ್ದ.

ಅಧ್ಯಕ್ಷರು ಶಾಲು ಹೊದಿಸಿ, ಒಂದು ಪದ ಆಗಲಿ ಎಂದರು. ರಾಜಮ್ಮ ಮೈಕಿನ ಮುಂದೆ ನಿಂತರು.

"ಉಪ್ಪಿನ ಗಾಡಿ ಹೊಂಟೋಯ್ತಲ್ಲೋ, ಗಿರಿಯಮ್ಮ ಬಾಗ್ಲಲ್ಲಿ ನಿಂತವ್ಳೆ…"

ಅಲ್ಲಿಗೆ ನಿಲ್ಲಿಸಿ ಕಾದರು. ಸಭಾಂಗಣದ ತುಂಬ ಕನ್ನಡಿಗರು, ಕನ್ನಡ ಉಳಿಸಲೆಂದೇ ಸೇರಿದವರು. ಒಬ್ಬರ ಬಾಯಿಂದಲೂ ಹೂಂ ಬರಲಿಲ್ಲ. ಅದು ಕೆಂಪಣ್ಣನ ಜಾಗ, ನನಗೂ ಧೈರ್ಯವಾಗಲಿಲ್ಲ. ಅಜ್ಜಿ ಸಾಲು ಮರೆತರೆಂದುಕೊಂಡು ಜನ ಹುರಿದುಂಬಿಸಲು ಚಪ್ಪಾಳೆ ಹೊಡೆದರು. ಸಂಘದವರಿಗೆ ಬರುವುದು ಅದೊಂದೇ.

ರಾಜಮ್ಮ ಶಾಲು ತೆಗೆದು ಕುರ್ಚಿಯ ಮೇಲಿಟ್ಟರು.

"ಕತೆ ಮುಗೀತು ಕಣ್ರಪ್ಪ," ಎಂದು ಕೆಳಗಿಳಿದರು.