ಅವ್ವನ ಬಲಗೈ ಹೆಬ್ಬೆಟ್ಟು

ಅವ್ವನಿಗೆ ಲಕ್ವ ಹೊಡೆದಾಗ ನಾನು ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಈಗಲೂ ಅದೇ ಕೆಲಸ. ಮನೆಯಲ್ಲಿ ನಾವಿಬ್ಬರು ಹೆಂಗಸರೇ. ಅವ್ವನ ಬಲಭಾಗ ಪೂರ್ತಿ ಹೋಯಿತು. ಮಾತಿನಲ್ಲಿ ಉಳಿದದ್ದು ಒಂದೇ ಒಂದು, 'ಬಾ'. ಹಸಿವಾದರೂ ಬಾ, ಸಾಕು ಅನ್ನಿಸಿದರೂ ಬಾ. ದನಿ ಕೇಳಿ ಅರ್ಥ ಮಾಡಿಕೊಳ್ಳಬೇಕಿತ್ತು.

ಒಂದು ದಿನ ಡ್ಯೂಟಿ ಮುಗಿಸಿ ಬಂದು ಬಾಗಿಲು ತೆಗೆದರೆ ಅವ್ವ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದಳು. ಬೆಳಿಗ್ಗೆಯಿಂದ ಹಾಗೇ ಇದ್ದಳೆಂದು ಅವಳ ಸೀರೆ ನೋಡಿದರೇ ತಿಳಿಯುತ್ತಿತ್ತು. ಆ ವಾರವೇ ಕೋಟೆ ರಸ್ತೆಯಲ್ಲಿದ್ದ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆ.

ಅದನ್ನು ನಡೆಸುವ ಮೇಡಂ ಮೆಲುದನಿಯ ಹೆಂಗಸು. "ನಿಮ್ಮವ್ವ ಅಂದ್ರೆ ನಮ್ಮವ್ವ ಇದ್ದಂಗೆ ಕಣ್ರೀ, ನೀವು ನೆಮ್ಮದಿಯಾಗಿರಿ" ಅಂದಳು. ಅವ್ವ ನೆಲದ ಮೇಲೆ ಬಿದ್ದಿದ್ದನ್ನು ಹೇಳಿಕೊಂಡು ಅತ್ತುಬಿಟ್ಟೆ. ಮೇಡಂ ನನ್ನ ಬೆನ್ನು ಸವರಿದಳು. ಆಮೇಲೆ ಒಂದು ಕಟ್ಟು ಕಾಗದ ಮುಂದಿಟ್ಟಳು. ನನಗೆ ಡ್ಯೂಟಿಗೆ ಹೊತ್ತಾಗಿತ್ತು. ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಕಡೆಯಲ್ಲೆಲ್ಲ ಸಹಿ ಮಾಡಿ ಓಡಿದೆ.

ಅವ್ವನಿಗೆ ಅಂಗವಿಕಲರ ಮಾಸಾಶನ ಬರುತ್ತಿತ್ತು. ಅದಕ್ಕಾಗಿ ಅವಳನ್ನು ಎತ್ತಿಕೊಂಡು ಮೈಸೂರಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದೆ, ಸರ್ಟಿಫಿಕೇಟಿಗೆ ಅಲೆದಿದ್ದೆ. ರಜೆಯ ದಿನ ಬ್ಯಾಂಕಿಗೆ ಹೋಗಿ ಬಿಡಿಸಿಕೊಂಡು, ಡೈಪರು, ಹಾಸಿಗೆ ಹುಣ್ಣಿನ ಮುಲಾಮು, ಅವ್ವ ಚೀಪುವ ಕಲ್ಲುಸಕ್ಕರೆ ತಗೊಂಡು ಭಾನುವಾರ ಕೇಂದ್ರಕ್ಕೆ ಹೋಗುತ್ತಿದ್ದೆ.

"ಪಾಸ್‌ಬುಕ್ಕು ಇಲ್ಲೇ ಇಟ್ಟೋಗಿ, ನಿಮಗ್ಯಾಕೆ ಓಡಾಟ?" ಅಂತ ಮೇಡಂ ಮೂರು ಸಲ ಕೇಳಿದ್ದಳು. ನಾನು ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಮೂರನೆಯ ಸಲ ಕೇಳುವಾಗ ಅವಳ ಮುಖದಲ್ಲಿ ನಗು ಇರಲಿಲ್ಲ.

ಅದಾದ ಮೇಲೆ ಎರಡು ತಿಂಗಳು ಮಾಸಾಶನ ಬರಲಿಲ್ಲ. ಬ್ಯಾಂಕಿನವರು ತಾಲ್ಲೂಕು ಕಚೇರಿಗೆ ಹೋಗಿ ಅಂದರು. ಅಲ್ಲಿನ ಗುಮಾಸ್ತ ಕಂಪ್ಯೂಟರ್ ನೋಡಿ, "ಖಾತೆ ಬದಲಾಗೈತಲ್ಲಮ್ಮ. ನಿಮ್ ತಾಯೇ ಅರ್ಜಿ ಕೊಟ್ಟವ್ರೆ" ಅಂದ.

"ನಮ್ಮವ್ವಂಗೆ ಮಾತೇ ಬರಲ್ಲ ಸಾರ್. ಎದ್ದು ಕೂರಕ್ಕೂ ಆಗಲ್ಲ."

ಅವನು ಎದ್ದು ಹೋಗಿ ಫೈಲು ಹುಡುಕಿ ತಂದ. ಅರ್ಜಿಯ ಕೆಳಗೆ ಹೆಬ್ಬೆಟ್ಟಿನ ಗುರುತು. ಗೆರೆಗೆರೆಯೂ ಎಣಿಸುವಷ್ಟು ಸ್ಪಷ್ಟ. ಪಕ್ಕದಲ್ಲಿ 'ಬಲಗೈ ಹೆಬ್ಬೆಟ್ಟು' ಎಂದು ಬರೆದಿತ್ತು.

ಅವ್ವನ ಬಲಗೈ ಮುಷ್ಟಿ ಬಿಗಿದು ಆಗಲೇ ಎರಡು ವರ್ಷವಾಗಿತ್ತು. ಉಗುರು ಕತ್ತರಿಸಬೇಕಾದರೆ ಬಿಸಿನೀರಲ್ಲಿ ಅದ್ದಿ, ಒಂದೊಂದೇ ಬೆರಳು ಬಿಡಿಸಬೇಕು. ಆಗಲೂ ಚೀರುತ್ತಾಳೆ. ಅಷ್ಟು ಸ್ಪಷ್ಟವಾಗಿ ಒತ್ತಿಸಬೇಕೆಂದರೆ ಒಬ್ಬರು ಹಿಡಿದುಕೊಂಡಿರಬೇಕು, ಇನ್ನೊಬ್ಬರು ಬಿಡಿಸಿರಬೇಕು.

ಭೇಟಿಗೆ ಬಿಡುವುದು ಭಾನುವಾರ ಮಾತ್ರ. ನಾನು ಮಾರನೆಯ ದಿನ, ಬುಧವಾರ ಮಧ್ಯಾಹ್ನವೇ ಹೋದೆ. ಗೇಟಿಗೆ ಬೀಗ. ಆಯಾ ಬಹಳ ಹೊತ್ತು ನಿಲ್ಲಿಸಿ ಆಮೇಲೆ ತೆಗೆದಳು. ಅವ್ವ ತನ್ನ ಮಂಚದಲ್ಲಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗಿಸಿದ್ದರು. ಸೆರಗಿನಡಿ ಇದ್ದ ಬಲಗೈ ಎತ್ತಿ ನೋಡಿದೆ. ಮಣಿಕಟ್ಟು ಕಂದಿತ್ತು. ಹೆಬ್ಬೆಟ್ಟಿನ ತುಂಬ ನೀಲಿ ಮಸಿ.

ಕಚೇರಿಯಲ್ಲಿ ನೋಡಿದ ಅರ್ಜಿ ಎರಡು ತಿಂಗಳ ಹಿಂದಿನದು. ಈ ಮಸಿ ಇನ್ನೂ ನನ್ನ ಬೆರಳಿಗೆ ಅಂಟುತ್ತಿತ್ತು.

ಪಕ್ಕದ ಮಂಚದಲ್ಲಿದ್ದ ಸಾಲಿಗ್ರಾಮದ ಕಡೆಯ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಕಂಬಳಿಯಿಂದ ತನ್ನ ಹೆಬ್ಬೆಟ್ಟು ತೆಗೆದು ತೋರಿಸಿದಳು. ಅದೂ ನೀಲಿ. ಹೊರಗೆ ಚಪ್ಪಲಿ ಸದ್ದಾಗುತ್ತಿದ್ದಂತೆ ಕೈ ಒಳಗೆ ಹೋಯಿತು.

ಮೇಡಂ ಬಂದು ನಿಂತಳು. "ಯಾವ ಕಾಗದಕ್ಕೆ ಒತ್ತಿಸಿಕೊಂಡ್ರಿ?" ಅಂತ ಕೇಳಿದೆ.

"ಅದು ಆಫೀಸಿನ ವಿಷಯ. ನೀವೇ ಸಹಿ ಹಾಕಿದೀರಲ್ಲ" ಎಂದು ಸೇರಿಸಿದ ದಿನದ ಕಾಗದ ತಂದು ತೋರಿಸಿದಳು. 'ನಿವಾಸಿಗೆ ಬರುವ ಎಲ್ಲ ಸೌಲಭ್ಯಗಳ ನಿರ್ವಹಣೆಯನ್ನು ಸಂಸ್ಥೆಗೆ ಒಪ್ಪಿಸಿರುತ್ತೇನೆ.' ಕೆಳಗಿದ್ದದ್ದು ನನ್ನದೇ ಸಹಿ.

"ನಾನು ಅವ್ವನ್ನ ಕರ್ಕೊಂಡೋಗ್ತೀನಿ."

"ಕರ್ಕೊಂಡೋಗಿ" ಅಂದಳು, ಅದೇ ಮೆಲುದನಿಯಲ್ಲಿ. "ಎಲ್ಲಿ ಮಲಗುಸ್ತೀರಿ? ನೆಲದ ಮೇಲಾ?"

ನಾನು ರಸ್ತೆಗೆ ಹೋಗಿ ಆಟೋ ಕರೆದುತಂದೆ. ಆಟೋದವನೂ ನಾನೂ ಸೇರಿ ಅವ್ವನನ್ನು ಎತ್ತಿ ಕೂರಿಸಿದೆವು. ಗೇಟು ದಾಟುವ ತನಕ ಅವಳು ಎಡಗೈಯಲ್ಲಿ ನನ್ನ ರವಿಕೆ ಹಿಡಿದುಕೊಂಡು "ಬಾ, ಬಾ" ಅನ್ನುತ್ತಲೇ ಇದ್ದಳು.

ದೂರು ಕೊಟ್ಟೆ. ಅಧಿಕಾರಿಗಳು ಮೇಡಂಗೆ ಮೊದಲೇ ತಿಳಿಸಿ ಕೇಂದ್ರಕ್ಕೆ ಹೋದರು. ದಾಖಲೆಗಳೆಲ್ಲ ಸರಿಯಿವೆ ಎಂದು ಬರೆದುಕೊಂಡು ಬಂದರು. ತಿಂಗಳುಗಟ್ಟಲೆ ಅಲೆದ ಮೇಲೆ ಮಾಸಾಶನ ಅವ್ವನ ಹಳೆಯ ಖಾತೆಗೇ ಬರತೊಡಗಿತು. ಹಗಲು ನೋಡಿಕೊಳ್ಳಲು ಪಕ್ಕದ ಮನೆಯಾಕೆ ಒಪ್ಪಿದ್ದಾಳೆ. ಆ ಬುಧವಾರ ಒತ್ತಿಸಿಕೊಂಡ ಕಾಗದ ಯಾವುದೆಂದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ಪೋಸ್ಟ್‌ಮ್ಯಾನ್ ನಮ್ಮ ಬೀದಿಗೆ ತಿರುಗಿದರೆ ಅವನು ನಮ್ಮ ಮನೆ ದಾಟುವ ತನಕ ಬಾಗಿಲಲ್ಲೇ ನಿಂತಿರುತ್ತೇನೆ.

ಹೋದ ತಿಂಗಳು ಹುಣಸೂರಿನಲ್ಲಿ ಒಬ್ಬ ತನ್ನ ತಾಯಿಯನ್ನು ತಬ್ಬಿ ಹಿಡಿದು ಬಸ್ಸು ಹತ್ತಿಸಿದ. ಆ ಕೇಂದ್ರದ ಸ್ಟಾಪಿಗೆ ಎರಡು ಟಿಕೆಟ್ ಕೇಳಿದ. ನಾನು ಅವನ ಪಕ್ಕ ಕೂತು ನಮಗಾದದ್ದನ್ನೆಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಪೂರ್ತಿ ಕೇಳಿದ.

"ನೀವೇಳೋದು ದಿಟವೇ ಇರ್ಬೋದು ಕಣಕ್ಕ" ಅಂದ. "ನಮ್ಮನೇಲಿ ಹಗಲೊತ್ತು ಯಾರೂ ಇರಾಕಿಲ್ಲ."

"ಕಾಗದ ಓದಿಸ್ಕಂಡು ಸಹಿ ಹಾಕಣ್ಣ."

"ಊಂ" ಅಂದ.

ಸ್ಟಾಪು ಬಂತು. ಮೊದಲು ಬಟ್ಟೆಯ ಚೀಲ ಇಳಿಸಿದ, ಆಮೇಲೆ ತಾಯಿಯನ್ನು. ಆಕೆ ನನ್ನ ಕಡೆ ತಿರುಗಿ, "ಬತ್ತೀನಿ ಕಣವ್ವ" ಎಂದು ನಕ್ಕಳು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಮೂರನೆಯ ಸಲ ಹೊಡೆದ ಮೇಲೆ ಸೀಟಿ ಊದಿದೆ.